ಅಗ್ಗಿಷ್ಟಿಕೆಯ ಹಲಗೆ ಹಾಡಿದ ಊರು

ಲಂಡನ್ ನೋಡಲು ಹೋಗುವವರ ಪಟ್ಟಿಯಲ್ಲಿ ಫೆಲ್ಟಮ್ ಎಂಬ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಥೇಮ್ಸ್ ನದಿ, ಗೋಪುರ ಸೇತುವೆ, ಅರಮನೆಯ ಮುಂದೆ ಪಾಳಿ ಬದಲಿಸುವ ಕಾವಲುಗಾರರು, ಮೇಣದ ಬೊಂಬೆಗಳ ಸಂಗ್ರಹಾಲಯ – ಇಷ್ಟು ನೋಡುವುದರಲ್ಲಿ ನಾಲ್ಕು ದಿನ ಮುಗಿದಿರುತ್ತದೆ. ಆದರೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರತಿಯೊಬ್ಬ ಪ್ರಯಾಣಿಕನೂ ತನಗೆ ತಿಳಿಯದೆಯೇ ಈ ಊರಿನ ಮಗ್ಗುಲಲ್ಲಿ ಇಳಿದಿರುತ್ತಾನೆ.

ವಾಟರ್‌ಲೂ ನಿಲ್ದಾಣದಿಂದ ಹೊರಟ ರೈಲು ಮುಕ್ಕಾಲು ಗಂಟೆಯೊಳಗೆ ಫೆಲ್ಟಮ್ ತಲುಪುತ್ತದೆ. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳು, ಮುಂದೆ ಪುಟ್ಟ ಕೈತೋಟ, ತಲೆಯ ಮೇಲೆ ಗುಡುಗುತ್ತಾ ಸಾಗುವ ವಿಮಾನಗಳು. ನೌಕರಿಗೆ ಹೋಗಿ ಬರುವ ಮಧ್ಯಮ ವರ್ಗದವರ ಊರು. ಆದರೂ ವಿಜ್ಞಾನ ಓದುವ ಮಕ್ಕಳು ಮತ್ತು ಅವರನ್ನು ಓದಿಸುವ ಅಪ್ಪ ಅಮ್ಮಂದಿರು ಈ ಊರಿನ ಕತೆಯನ್ನು ತಿಳಿಯಬೇಕು. ಜಗತ್ತಿನ ಅತ್ಯಂತ ಹೆಸರುವಾಸಿಯಾದ ಎಲೆಕ್ಟ್ರಿಕ್ ಗಿಟಾರುಗಳಲ್ಲೊಂದು ತಯಾರಾದದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ. ಇಲ್ಲಿಯ ಒಂದು ಸಾಧಾರಣ ಮನೆಯಲ್ಲಿ.

ಊರಿನ ಗ್ಲ್ಯಾಡ್‌ಸ್ಟನ್ ಅವೆನ್ಯೂ ಎಂಬ ಬೀದಿಯ ಒಂದು ಮನೆಯ ಗೋಡೆಗೆ 2016ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಅದು ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಇದ್ದ ಮನೆ. ಜಾಂಜಿಬಾರಿನಲ್ಲಿ ಹುಟ್ಟಿದ ಈ ಪಾರ್ಸಿ ಹುಡುಗನ ನಿಜವಾದ ಹೆಸರು ಫರೂಖ್ ಬುಲ್ಸಾರಾ. ಓದಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯಲ್ಲಿ. 1964ರಲ್ಲಿ ಅವನ ಕುಟುಂಬ ಫೆಲ್ಟಮ್‌ಗೆ ಬಂದು ನೆಲೆಸಿತು. ಅಲ್ಲಿಂದ ಕೆಲವೇ ನೂರು ಹೆಜ್ಜೆ ದೂರದಲ್ಲಿ ಇನ್ನೊಬ್ಬ ಹುಡುಗನ ಮನೆಯಿತ್ತು. ಅವನ ಹೆಸರು ಬ್ರಯಾನ್ ಮೇ. ಮುಂದೆ ‘ಕ್ವೀನ್’ ಎಂಬ ರಾಕ್ ತಂಡದಲ್ಲಿ ಇಬ್ಬರೂ ಜೊತೆಯಾದರು. ಆದರೆ ಆಗ ಒಬ್ಬರಿಗೊಬ್ಬರ ಪರಿಚಯವೂ ಇರಲಿಲ್ಲ.

ಬ್ರಯಾನ್ ಹುಟ್ಟಿದ್ದು 1947ರ ಜುಲೈ 19ರಂದು, ಹತ್ತಿರದ ಹ್ಯಾಂಪ್ಟನ್‌ನಲ್ಲಿ. ತಂದೆ ಹ್ಯಾರಲ್ಡ್ ಮೇ ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ನಕ್ಷೆ ತಯಾರಿಸುವ ಕೆಲಸದಲ್ಲಿದ್ದರು. ಎರಡನೆಯ ಮಹಾಯುದ್ಧದಲ್ಲಿ ರೇಡಿಯೋ ವಿಭಾಗದಲ್ಲಿ ದುಡಿದವರು. ಸಂಬಳ ಅಷ್ಟಕ್ಕಷ್ಟೆ, ಬೇಕಾದ ವಸ್ತುವನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದೇ ಅವರ ಪದ್ಧತಿ. ಮಗನಿಗೆ ಏಳು ವರ್ಷ ತುಂಬಿದಾಗ ಸಾದಾ ಗಿಟಾರೊಂದು ಸಿಕ್ಕಿತು. ಹುಡುಗ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಅದಕ್ಕೆ ಜೋಡಿಸಿ, ಮನೆಯ ರೇಡಿಯೋ ಮೂಲಕ ನುಡಿಸಿ ನೋಡಿದ. ಅಂಗಡಿಯಲ್ಲಿ ಅಮೆರಿಕದ ಫೆಂಡರ್ ಕಂಪೆನಿಯ ಸ್ಟ್ರಾಟೊಕಾಸ್ಟರ್ ಗಿಟಾರು ಬಂದಿತ್ತು. ಅದನ್ನು ಕೊಡಿಸುವ ಶಕ್ತಿ ಮನೆಗಿರಲಿಲ್ಲ. 1963ರ ಆಗಸ್ಟ್‌ನಲ್ಲಿ ತಂದೆ ಮಗ ಕೂಡಿ ಒಂದು ತೀರ್ಮಾನಕ್ಕೆ ಬಂದರು: ಗಿಟಾರನ್ನು ಮನೆಯಲ್ಲೇ ಮಾಡುವುದು.

ಆಗ ಬ್ರಯಾನನಿಗೆ ಹದಿನಾರು ವರ್ಷ. ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು ಅದು. ಮಕ್ಕಳು ಪುಸ್ತಕ ಬಿಟ್ಟು ಬೇರೆ ಏನನ್ನು ಮುಟ್ಟಿದರೂ ಹಿರಿಯರಿಗೆ ಎದೆ ಹೊಡೆದುಕೊಳ್ಳುವ ಕಾಲ. ಹ್ಯಾಂಪ್ಟನ್ ಗ್ರಾಮರ್ ಶಾಲೆಯಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿದ್ದ ಹುಡುಗ ಬಿಡುವಿನಲ್ಲಿ ತಂದೆಯ ಜೊತೆ ಉಜ್ಜುತ್ತಾ, ಕೊರೆಯುತ್ತಾ ಕೂತಿದ್ದ.

ಅವರು ಬಳಸಿದ ಸಾಮಾನುಗಳ ಪಟ್ಟಿ ಗುಜರಿ ಅಂಗಡಿಯ ಲೆಕ್ಕದಂತಿದೆ. ಪರಿಚಿತರೊಬ್ಬರು ಎಸೆಯಲಿದ್ದ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಹಲಗೆ ಗಿಟಾರಿನ ಕತ್ತಾಯಿತು. ಅದಕ್ಕೆ ಹುಳು ಹಿಡಿದಿತ್ತು. ತೂತುಗಳಿಗೆ ಬೆಂಕಿಕಡ್ಡಿ ತುಂಬಿ ನಯ ಮಾಡಿದರು. ಒಡಲಿನ ನಡುವಿನ ಭಾಗ ಹಳೆಯ ಮೇಜಿನ ಓಕ್ ಮರ. ಮೆಟ್ಟುಗಳ ಸ್ಥಾನ ತೋರಿಸುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸಲು ಹಿಡಿಯುವ ಸಣ್ಣ ತೋಳು, ಸೈಕಲ್ಲಿನ ಚೀಲ ತೂಗುಹಾಕುವ ಕಂಬಿ. ಅದರ ತುದಿಯ ಟೊಪ್ಪಿಗೆ ಹೆಣಿಗೆ ಕಡ್ಡಿಯ ಚೂರು. ಎರಡು ಸ್ಪ್ರಿಂಗುಗಳು ಹಳೆಯ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎಂಜಿನ್ನಿನವು.

ಆ ತೋಳಿನ ಕೆಳಗೆ ತಂತಿಗಳನ್ನು ಹಿಡಿದ ಭಾಗ ಗಟ್ಟಿ ಉಕ್ಕಿನ ಚೂಪು ಅಲಗಿನ ಮೇಲೆ ತೂಗುತ್ತದೆ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ತಕ್ಕಡಿ ಬಳಸಿದ ವಿದ್ಯಾರ್ಥಿಗಳಿಗೆ ಇದರ ಗುಟ್ಟು ಕೂಡಲೇ ಹೊಳೆಯುತ್ತದೆ. ತಕ್ಕಡಿಯ ದಂಡ ನಿಲ್ಲುವುದೂ ಇಂಥದೇ ಅಲಗಿನ ಮೇಲೆ. ಘರ್ಷಣೆ ಅತ್ಯಲ್ಪವಾದ್ದರಿಂದ ತೋಳನ್ನು ಒತ್ತಿ ಬಿಟ್ಟರೆ ತಂತಿಗಳು ಮತ್ತೆ ಮೊದಲಿನ ಬಿಗಿತಕ್ಕೇ ಬರುತ್ತವೆ, ಶ್ರುತಿ ಕೆಡುವುದಿಲ್ಲ. ಒಂದು ಕಡೆ ಆರು ತಂತಿಗಳ ಹತ್ತಾರು ಕಿಲೋ ಎಳೆತ, ಇನ್ನೊಂದು ಕಡೆ ಅದಕ್ಕೆ ಸರಿದೂಗುವ ಎಂಜಿನ್ ಸ್ಪ್ರಿಂಗು.

ಈ ವಾದ್ಯಕ್ಕೆ ದನಿ ಬಂದದ್ದು ಹೇಗೆಂದು ತಿಳಿಯಬೇಕಾದರೆ ಒಮ್ಮೆ ಲಂಡನ್ ನಗರದ ನಡುವಿಗೆ ಮರಳಬೇಕು. ಪಿಕಾಡಿಲಿಯ ಪಕ್ಕದ ಆಲ್ಬಮಾರ್ಲ್ ಬೀದಿಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಹಳೆಯ ಕಟ್ಟಡವಿದೆ. ಅದರ ನೆಲಮಾಳಿಗೆಯಲ್ಲಿ ಮೈಕೆಲ್ ಫ್ಯಾರಡೆಯ ಪ್ರಯೋಗಶಾಲೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ ಈ ಫ್ಯಾರಡೆ. 1831ರಲ್ಲಿ ಆತ ಕಂಡುಕೊಂಡ ಸತ್ಯವನ್ನು ಇಂದು ವಿಜ್ಞಾನದ ಮಕ್ಕಳೆಲ್ಲ ಓದುತ್ತಾರೆ: ತಂತಿಯ ಸುರುಳಿಯೊಳಗೆ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ಉಸಿರು ಇದೇ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎನ್ನುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಕಾಂತಕ್ಷೇತ್ರ ಅದೇ ಲಯದಲ್ಲಿ ಬದಲಾಗುತ್ತದೆ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ವಿದ್ಯುತ್ತೂ ಅಷ್ಟೇ ಸಲ ಏರಿಳಿಯುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಾದ. ನೈಲಾನ್ ತಂತಿ ಹಾಕಿದರೆ ಇದು ಮೂಕ. ಕಾರಣವನ್ನು ಮಕ್ಕಳೇ ಹೇಳಬಲ್ಲರು.

ಬ್ರಯಾನ್ ಮೊದಲು ಪಿಕಪ್‌ಗಳನ್ನೂ ಗುಂಡಿ ಅಯಸ್ಕಾಂತ ತಂದು ತಾನೇ ಮಾಡಿದ್ದ. ದನಿ ಚೆನ್ನಾಗಿತ್ತು, ಆದರೆ ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದಾಗ ವಿಚಿತ್ರವಾದ ಗೊರಗೊರ ಕೇಳುತ್ತಿತ್ತು. ಕೊನೆಗೆ ಬರ್ನ್ಸ್ ಕಂಪೆನಿಯ ಮೂರು ಪಿಕಪ್ ಕೊಂಡು, ಸುರುಳಿ ಅಲುಗದಂತೆ ಅರಾಲ್ಡೈಟ್ ಅಂಟು ತುಂಬಿ ಕೂರಿಸಿದ. ಮಾಡಿದ್ದೆಲ್ಲ ಫಲಿಸಲಿಲ್ಲ ಎಂಬುದೂ ಈ ಕತೆಯ ಭಾಗ. ಪ್ರತಿ ಪಿಕಪ್‌ಗೂ ಎರಡೆರಡು ಸ್ವಿಚ್ಚು: ಒಂದು ಪಿಕಪ್ಪನ್ನು ಸೇರಿಸಲು ಅಥವಾ ಬಿಡಲು, ಇನ್ನೊಂದು ಅಲೆಯನ್ನು ತಿರುವುಮುರುವು ಮಾಡಲು. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿದಾಗ ಕೆಲವು ಸ್ವರಾಂಶಗಳು ಅಳಿದು ಉಳಿದವು ತೀಕ್ಷ್ಣವಾಗುತ್ತವೆ. ಪುಸ್ತಕದಲ್ಲಿ ಅಲೆಗಳ ವ್ಯತಿಕರಣ ಎಂದು ಓದುವುದು ಇಲ್ಲಿ ಬೆರಳ ತುದಿಯಲ್ಲಿದೆ.

ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಧ್ವನಿವರ್ಧಕದ ಮುಂದೆ ಬಂದಾಗ ‘ಕುಯ್ಯೋ’ ಎಂದು ಅರಚುವುದನ್ನು ಎಲ್ಲರೂ ಕೇಳಿದ್ದಾರೆ. ಹೊರಬಂದ ಸದ್ದೇ ಮತ್ತೆ ಒಳಹೊಕ್ಕು ಬೆಳೆಯುವ ಈ ಕಾಟವನ್ನು ಬ್ರಯಾನ್ ಸಂಗೀತವಾಗಿ ಬಳಸಲು ಬಯಸಿದ. ಅದಕ್ಕಾಗಿಯೇ ಗಿಟಾರಿನ ಒಡಲಲ್ಲಿ ಟೊಳ್ಳು ಗೂಡುಗಳನ್ನು ಬಿಟ್ಟ. ಧ್ವನಿವರ್ಧಕದ ಸದ್ದಿಗೆ ತಂತಿ ತಾನೇ ಮಿಡಿಯುತ್ತದೆ, ಸ್ವರ ಪಿಟೀಲಿನಂತೆ ದೀರ್ಘವಾಗಿ ನಿಲ್ಲುತ್ತದೆ. ಕೆಂಪುಗಂದು ಬಣ್ಣ ಬಳಿದ ಈ ಗಿಟಾರಿಗೆ ‘ರೆಡ್ ಸ್ಪೆಷಲ್’ ಎಂಬ ಹೆಸರು ನಿಂತಿತು. ಮೀಟಲು ಪ್ಲಾಸ್ಟಿಕ್ ಬಿಲ್ಲೆಯ ಬದಲು ಹಳೆಯ ಆರು ಪೆನ್ಸ್ ನಾಣ್ಯ!

1965ರಲ್ಲಿ ಬ್ರಯಾನ್ ಮೇ ಇಂಪೀರಿಯಲ್ ಕಾಲೇಜು ಸೇರಿದರು. ಪ್ರವಾಸಿಗಳು ವಿಜ್ಞಾನ ವಸ್ತುಸಂಗ್ರಹಾಲಯ ನೋಡಲು ಹೋಗುವ ದಕ್ಷಿಣ ಕೆನ್ಸಿಂಗ್ಟನ್ ಬಡಾವಣೆಯಲ್ಲೇ ಈ ಕಾಲೇಜಿದೆ; ಅದರ ಬೆನ್ನಿಗೆ ಗುಮ್ಮಟದ ರಾಯಲ್ ಆಲ್ಬರ್ಟ್ ಹಾಲ್ ಸಂಗೀತ ಭವನ. ವಿಜ್ಞಾನಕ್ಕೂ ಸಂಗೀತಕ್ಕೂ ನಡುವೆ ಒಂದು ರಸ್ತೆಯಷ್ಟೇ ಅಂತರ. 1968ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದ ಅವರು ಖಗೋಳ ಸಂಶೋಧನೆಗೆ ತೊಡಗಿದರು. ಸೂರ್ಯನ ಸುತ್ತ ತೇಲುವ ಧೂಳಿನ ಕಣಗಳಿಂದ ಮುಗಿಲಂಚಿನಲ್ಲಿ ಕಾಣುವ ಮಂದವಾದ ರಾಶಿಚಕ್ರ ಬೆಳಕು ಅವರ ವಿಷಯ. ಟೆನೆರಿಫ್ ದ್ವೀಪದ ಬೆಟ್ಟದ ಮೇಲೆ ಕುಳಿತು, ಡಾಪ್ಲರ್ ಪರಿಣಾಮದ ನೆರವಿನಿಂದ ಆ ಧೂಳಿನ ವೇಗವನ್ನು ಅಳೆದರು. ಲಂಡನ್ನಿನ ಶಾಲೆಯೊಂದರಲ್ಲಿ ಕೆಲಕಾಲ ಗಣಿತ ಮೇಷ್ಟರೂ ಆಗಿದ್ದರು.

1974ರ ಹೊತ್ತಿಗೆ ಕ್ವೀನ್ ತಂಡ ಹೆಸರು ಮಾಡಿತ್ತು. ಮೇ ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಗಿಟಾರು ಹಿಡಿದು ಹೊರಟರು. ತಂದೆಗೆ ಇದು ದೊಡ್ಡ ಪೆಟ್ಟು. ಮಗನಿಗೆ ಗಿಟಾರು ಮಾಡಿಕೊಟ್ಟ ಕೈಯೇ ಅವರದು. ಆದರೆ ಅದು ಹವ್ಯಾಸವೆಂದು ಮಾಡಿಕೊಟ್ಟದ್ದು. ಅದಕ್ಕಾಗಿ ಮಗ ಓದನ್ನೇ ಬಿಡುತ್ತಾನೆಂದು ಎಣಿಸಿರಲಿಲ್ಲ. ಬಹುಕಾಲ ತಂದೆ ಮಗನ ನಡುವೆ ಮಾತಿರಲಿಲ್ಲವೆಂದು ಮೇ ಅವರೇ ಹೇಳಿಕೊಂಡಿದ್ದಾರೆ. ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನುಡಿಸುವಾಗ ಮೇ ತಂದೆ ತಾಯಿಯನ್ನು ಕಾಂಕಾರ್ಡ್ ವಿಮಾನದಲ್ಲಿ ಕರೆಸಿಕೊಂಡರು. ಅದೇ ವಿಮಾನದ ಉಪಕರಣಗಳಿಗಾಗಿ ಹ್ಯಾರಲ್ಡ್ ಹಿಂದೆ ದುಡಿದಿದ್ದರು. ತಾವು ಉಜ್ಜಿ ನಯ ಮಾಡಿದ ಹಲಗೆಗೆ ಸಾವಿರಾರು ಜನ ಕಿವಿಗೊಟ್ಟದ್ದನ್ನು ಅಲ್ಲಿ ಕಂಡರು. ಮುನಿಸು ಕರಗಿತು.

1985ರ ಜುಲೈ 13ರಂದು ವೆಂಬ್ಲಿ ಕ್ರೀಡಾಂಗಣದ ‘ಲೈವ್ ಏಡ್’ ಕಾರ್ಯಕ್ರಮದಲ್ಲಿ ನುಡಿದದ್ದು ಇದೇ ಗಿಟಾರು. 2002ರ ಜೂನ್ 3ರಂದು, ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ಉತ್ಸವದಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯ ತಾರಸಿಯ ಮೇಲೆ ನಿಂತು ಮೇ ರಾಷ್ಟ್ರಗೀತೆ ನುಡಿಸಿದಾಗಲೂ ಕೈಯಲ್ಲಿದ್ದದ್ದು ಅಗ್ಗಿಷ್ಟಿಕೆಯ ಹಲಗೆಯೇ.

ಬಿಟ್ಟ ಪ್ರಬಂಧ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅವರು ಹಳೆಯ ಟಿಪ್ಪಣಿಗಳನ್ನು ಹುಡುಕಿ ತೆಗೆದು ಅದೇ ಕಾಲೇಜಿಗೆ ಮರಳಿದರು. ಆ ನಡುವೆ ನಡೆದ ಸಂಶೋಧನೆಯನ್ನೆಲ್ಲ ಓದಿ 2007ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಪಿಎಚ್‌ಡಿ ಮುಗಿಸಿದರು. ಅದನ್ನು ನೋಡಲು ತಂದೆ ಇರಲಿಲ್ಲ. ಹ್ಯಾರಲ್ಡ್ 1988ರಲ್ಲೇ ತೀರಿಕೊಂಡಿದ್ದರು.

ಹಳೆಯ ಫೆಂಡರ್, ಗಿಬ್ಸನ್ ಗಿಟಾರುಗಳಿಗೆ ಇಂದು ಹರಾಜಿನಲ್ಲಿ ಭಾರಿ ಬೆಲೆ. ತಯಾರಾದ ವರ್ಷ, ಬಣ್ಣ, ಬದಲಾಗದ ತಿರುಪುಮೊಳೆ – ಎಲ್ಲಕ್ಕೂ ಲೆಕ್ಕ. ಹುಡುಗನಾಗಿದ್ದಾಗ ಕೈಗೆಟುಕದಿದ್ದ ಸ್ಟ್ರಾಟೊಕಾಸ್ಟರನ್ನು ಮೇ ಮುಂದೆ ಎಷ್ಟು ಬೇಕಾದರೂ ಕೊಳ್ಳಬಹುದಿತ್ತು. ಆದರೆ ಅವರ ಕೈ ಮತ್ತೆ ಮತ್ತೆ ಹೋದದ್ದು ರೆಡ್ ಸ್ಪೆಷಲ್ ಕಡೆಗೇ. 1998ರಲ್ಲಿ ಅದನ್ನು ಜೋಪಾನವಾಗಿ ದುರಸ್ತಿ ಮಾಡಿಸಿದಾಗಲೂ ಹಳೆಯ ಕತ್ತು ಹಾಗೆಯೇ ಉಳಿಯಿತು. ಫೆಲ್ಟಮ್‌ನ ಮನೆಯಲ್ಲಿ ತಂದೆ ಮಗ ಹುಳುವಿನ ತೂತಿಗೆ ತುಂಬಿದ ಬೆಂಕಿಕಡ್ಡಿಯ ಚೂರುಗಳು ಅದರೊಳಗೆ ಇನ್ನೂ ಇವೆ.