ವಾಪಸ್ ಇಲ್ಲ ಅನ್ನೋ ಮೊದಲು

ಬಟ್ಟೆ ಅಂಗಡಿಯ ಗೋಡೆಯ ಮೇಲೆ ಈ ಬೋರ್ಡನ್ನು ನೀವೂ ಓದಿರುತ್ತೀರಿ: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’. ಆದರೂ ನಮ್ಮ ಧಾರವಾಡದ ಕಡೆ ಸೀರೆ ಮನೆಗೊಯ್ದು, ಅತ್ತೆ ನಾದಿನಿಯರಿಗೆ ತೋರಿಸಿ, ಒಪ್ಪಿಗೆಯಾಗದಿದ್ದರೆ ಮರುದಿನ ಬದಲಿಸಿಕೊಂಡು ಬರುವುದು ನಡೆದೇ ಇದೆ. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: “ಫಾಲ್ ಹಚ್ಚಿಲ್ಲಲ್ರೀ?” ಫಾಲ್ ಹಚ್ಚಿದರೆ ಸೀರೆ ನಿಮ್ಮದು. ಹಚ್ಚದಿದ್ದರೆ ಅದು ಇನ್ನೊಬ್ಬರಿಗೆ ಮಾರುವಂಥದ್ದು. ಬೋರ್ಡಿನ ಕೆಳಗೆ ಬರೆಯದೇ ಉಳಿದ ಈ ನಿಯಮ ಇಬ್ಬರಿಗೂ ಗೊತ್ತು, ಇಬ್ಬರಿಗೂ ಒಪ್ಪಿಗೆ.

ನಾನು ಮಾರುವ ಮಾಲಿಗೆ ಫಾಲೇ ಇಲ್ಲ. ನನ್ನದು ಕಸೂತಿ ನಕ್ಷೆಗಳ ವ್ಯಾಪಾರ. ನಮ್ಮ ಅವ್ವ ಚೌಕುಳಿ ಹಾಳೆಯ ನೋಟ್‌ಬುಕ್ಕಿನಲ್ಲಿ ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಅಂಬಾರಿ ಆನೆ ಎಲ್ಲ ಪೆನ್ಸಿಲ್‌ನಿಂದ ತೆಗೆದಿಟ್ಟಿದ್ದಳು. 2020ರ ಲಾಕ್‌ಡೌನಿನಲ್ಲಿ ಕೂತು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ಒಂದು ನಕ್ಷೆಯ ಪಿಡಿಎಫ್‌ಗೆ 120 ರೂಪಾಯಿ. ಜೊತೆಗೆ ಗವಂತಿ, ಮುರ್ಗಿ, ನೇಗಿ, ಹೆಂತೆ ಈ ನಾಲ್ಕೂ ಹೊಲಿಗೆ ಕಲಿಸುವ ಆನ್‌ಲೈನ್ ಕ್ಲಾಸು, ಎಂಟು ತರಗತಿಗೆ 1,600 ರೂಪಾಯಿ. ದೊಡ್ಡ ಗಳಿಕೆಯೇನಲ್ಲ, ಆದರೆ ಮನೆಯ ಕರೆಂಟು, ಗ್ಯಾಸು, ಅವ್ವನ ಔಷಧಿ ಇದರಲ್ಲೇ ಸಾಗುತ್ತವೆ.

ಶುರುವಿನಲ್ಲಿ ನನ್ನ ಬಳಿ ನಿಯಮ ಗಿಯಮ ಏನೂ ಇರಲಿಲ್ಲ. ಒಮ್ಮೆ ಒಬ್ಬರು ಐದು ನಕ್ಷೆ ಒಟ್ಟಿಗೆ ಕೊಂಡು, ಸಂಜೆಗೇ ಮೆಸೇಜು ಹಾಕಿದರು: “ಅಕ್ಕಾರ, ಇವು ನನಗ ಬ್ಯಾಡ ಅನಸ್ತದ, ರೊಕ್ಕ ವಾಪಸ್ ಹಾಕ್ರಿ.” ಹಾಕಿದೆ. ವಾರದೊಳಗೆ ಅವೇ ಐದು ನಕ್ಷೆಗಳು ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಹರಿದಾಡುತ್ತಿರುವುದನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ತೋರಿಸಿದಳು. ಸೀರೆ ವಾಪಸ್ ಬಂದರೆ ಕೊಂಡವರ ಕೈ ಖಾಲಿ. ಫೈಲು ವಾಪಸ್ ಬರುವುದೆಂದರೆ ಏನು? ಅದು ಅವರ ಫೋನಿನಲ್ಲಿ ಹಾಗೇ ಇರುತ್ತದೆ. ಆ ಅಂಬಾರಿ ಆನೆಯ ಚೌಕುಳಿ ಎಣಿಸಲು ಅವ್ವ ಎಷ್ಟು ಮಧ್ಯಾಹ್ನ ಕಳೆದಿದ್ದಳೋ ನನಗೆ ಗೊತ್ತು. ಅಂದೇ ‘ಹಣ ವಾಪಸ್ ಇಲ್ಲ’ ಎಂದು ಬರೆದು ಹಾಕಿದೆ.

ಅದೇ ವರ್ಷ ಅದೇ ಮೂರು ಪದಗಳನ್ನು ಆಚೆ ಬದಿಯಿಂದಲೂ ಓದಬೇಕಾಯಿತು. ನನ್ನ ತಂಗಿ ಮಗನ ಓದಿಗೆಂದು ಒಂದು ಆನ್‌ಲೈನ್ ಕೋಚಿಂಗಿಗೆ 28,000 ರೂಪಾಯಿ ಕಟ್ಟಿದ್ದಳು, ಅದೂ ಕಂತಿನ ಸಾಲದಲ್ಲಿ. ಮಾರುವಾಗ ಹೇಳಿದ್ದು ದಿನಾ ಲೈವ್ ಪಾಠ, ಕನ್ನಡದಲ್ಲಿ ಸಂಶಯ ಪರಿಹಾರ. ಸಿಕ್ಕಿದ್ದು ಹಿಂದಿ ಇಂಗ್ಲಿಷು ಬೆರೆತ ಹಳೆಯ ವಿಡಿಯೊಗಳು. ಹುಡುಗ ಮೂರನೇ ದಿನಕ್ಕೇ “ಏನೂ ತಿಳಿಯವಲ್ದು” ಅಂದ. ಕೇಳಿದರೆ ಅವರದು ಒಂದೇ ಉತ್ತರ: ‘ನೀವು ಲಾಗಿನ್ ಆಗಿದ್ದೀರಿ, ಡಿಜಿಟಲ್ ಸೇವೆಗೆ ಹಣ ವಾಪಸ್ ಇಲ್ಲ.’ ಕಂತು ಮಾತ್ರ ತಿಂಗಳು ತಿಂಗಳು ಕಟ್ ಆಗುತ್ತಲೇ ಇತ್ತು. ತಂಗಿ ಒಂದು ಬಳೆ ಒತ್ತೆ ಇಟ್ಟಳು.

ನಿಯಮ ನನ್ನದೂ ಅದೇ, ಅವರದೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ತಂಗಿಗಾಗಿ ಕಾನೂನು ಓದಲು ಕೂತಾಗ ಉತ್ತರ ಸಿಕ್ಕಿತು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ. ಅವು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯಿಸುತ್ತವೆ. ಮಾಲು ಅಥವಾ ಸೇವೆ ದೋಷದ್ದಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ಸಮಯಕ್ಕೆ ಸಿಗದಿದ್ದರೆ ಮಾರುವವರು ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಗೋಡೆಯ ಮೇಲೆ ಎಷ್ಟು ದೊಡ್ಡ ಬೋರ್ಡು ಹಾಕಿದರೂ ಅಷ್ಟೇ. ಆದರೆ ‘ಮನಸ್ಸು ಬದಲಾಯಿತು’ ಎಂಬ ಕಾರಣಕ್ಕೆ ಕೊಡಲೇಬೇಕೆಂದು ಅವು ಹೇಳುವುದಿಲ್ಲ. ದೂರು ಬಂದರೆ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ಒಪ್ಪಿಗೆಯ ಚೌಕದಲ್ಲಿ ತಾವೇ ಮೊದಲು ಟಿಕ್ ಮಾಡಿಟ್ಟು ಕೊಡುವಂತಿಲ್ಲ.

ಇದನ್ನೆಲ್ಲ ಉಲ್ಲೇಖಿಸಿ ಪತ್ರ ಬರೆದೆವು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆವು. ಜಾಹೀರಾತಿನ ಸ್ಕ್ರೀನ್‌ಶಾಟು, ಮಾರಾಟದವನ ವಾಟ್ಸ್ಯಾಪ್ ಮಾತು ಎಲ್ಲ ತಂಗಿ ಉಳಿಸಿಕೊಂಡಿದ್ದಳು, ಅದೇ ಕೈ ಹಿಡಿಯಿತು. ಮೂರು ತಿಂಗಳ ಓಡಾಟದ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು ಹಣ ಬಂತು. ಬಳೆ ಬಿಡಿಸಿಕೊಂಡಳು.

ಜರ್ಮನಿಯಲ್ಲಿರುವ ನನ್ನ ಗ್ರಾಹಕಿಯೊಬ್ಬರು ಅಲ್ಲಿಯ ರೂಢಿ ಹೇಳಿದರು. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು ಸಾಮಾನ್ಯವಾಗಿ 14 ದಿನದೊಳಗೆ ಕಾರಣ ಹೇಳದೇ ರದ್ದು ಮಾಡಬಹುದು. ಆದರೆ ‘ಈಗಲೇ ಡೌನ್‌ಲೋಡ್ ಬೇಕು, ಹಕ್ಕು ಹೋಗುತ್ತದೆಂದು ಗೊತ್ತು’ ಎಂದು ಒಪ್ಪಿ ಫೈಲು ಇಳಿಸಿಕೊಂಡರೆ ಆ ಹಕ್ಕು ಇಲ್ಲ. ನನಗೆ ನಗು ಬಂತು. ಅವರೂ ಕೇಳುವುದು ಅದನ್ನೇ: ಫಾಲ್ ಹಚ್ಚಿದ್ದೀರೋ ಇಲ್ಲವೋ?

ನನ್ನ ನಿಯಮವನ್ನು ಹೊಸದಾಗಿ ಬರೆದೆ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಹಣ ಕಟ್ಟುವ ಮೊದಲೇ ಕಾಣುವ ಹಾಗೆ. ಪ್ರತಿ ನಕ್ಷೆಯ ಒಂದು ಮೂಲೆಯನ್ನು ಉಚಿತ ಮಾದರಿಯಾಗಿ ಇಟ್ಟಿದ್ದೇನೆ, ಅದು ನಿಮ್ಮ ಫೋನಿನಲ್ಲಿ ತೆರೆದರೆ ಮಾತ್ರ ಮುಂದುವರಿಯಿರಿ. ಎಷ್ಟು ಚೌಕುಳಿ, ಎಷ್ಟು ಪುಟ, ಯಾವ ಹೊಲಿಗೆ ಎಲ್ಲ ಬರೆದಿದೆ. ಡೌನ್‌ಲೋಡ್ ಲಿಂಕು ಒತ್ತುವ ತನಕ ಕಾರಣ ಕೇಳದೆ ಹಣ ವಾಪಸ್, ಒತ್ತಿದ ಮೇಲೆ ಇಲ್ಲ. ಫೈಲು ತೆರೆಯದಿದ್ದರೆ, ನಕ್ಷೆಯಲ್ಲಿ ತಪ್ಪಿದ್ದರೆ ಯಾವಾಗಲಾದರೂ ವಾಪಸ್. ಕ್ಲಾಸಿನಲ್ಲಿ ಮೊದಲ ದಿನ ಕೂತು ನೋಡಿ, ಹಿಡಿಸದಿದ್ದರೆ ಪೂರ್ತಿ ಹಣ. ಎರಡನೇ ತರಗತಿಯಿಂದ ಇಲ್ಲ, ಏಕೆಂದರೆ ನಿಮ್ಮ ಹೆಸರಿಗೆ ಹಿಡಿದ ಜಾಗ ಇನ್ನೊಬ್ಬರಿಗೆ ಕೊಡಲಾಗದು. ನಾನೇ ಕ್ಲಾಸು ತಪ್ಪಿಸಿದರೆ ಬದಲಿ ದಿನ ಅಥವಾ ಆ ದಿನದ 200 ರೂಪಾಯಿ.

ಹೀಗೆ ಬರೆದ ಮೇಲೆ ಜಗಳಗಳು ಕಡಿಮೆಯಾಗಿವೆ. ಪೂರ್ತಿ ನಿಂತಿಲ್ಲ. ನಕ್ಷೆ ಕದ್ದು ಹಂಚುವವರು ಈಗಲೂ ಇದ್ದಾರೆ, ಅದಕ್ಕೆ ಯಾವ ನಿಯಮವೂ ಬೇಲಿಯಾಗುವುದಿಲ್ಲ. ಆದರೆ ‘ಇಲ್ಲ’ ಅನ್ನುವಾಗ ನನ್ನ ದನಿ ನಡುಗುವುದಿಲ್ಲ. ಎಲ್ಲವನ್ನೂ ಮೊದಲೇ ಬಿಚ್ಚಿ ತೋರಿಸಿದವರಿಗೆ ಮಾತ್ರ ಆ ‘ಇಲ್ಲ’ ಅನ್ನುವ ಹಕ್ಕಿದೆ ಎಂದು ನನಗೀಗ ಅನಿಸುತ್ತದೆ.

ನೀವು ಕೊಳ್ಳುವವರಾದರೆ ಒಂದು ಮಾತು. ಹಣ ಕಟ್ಟುವ ಮೊದಲು ವಾಪಸಾತಿಯ ಪುಟ ಓದಿ, ಮಾದರಿ ಕೇಳಿ, ಮಾರುವವರು ಬಾಯಲ್ಲಿ ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಮಾದರಿ ತೋರಿಸಲು ಹಿಂಜರಿಯುವವರ ಹತ್ತಿರ ಅವಸರ ಬೇಡ.

ಹೋದ ತಿಂಗಳು ಗದಗಿನ ನಿವೃತ್ತ ಶಿಕ್ಷಕಿಯೊಬ್ಬರು ಫೋನು ಮಾಡಿದರು: “ತಂಗೀ, ರೊಕ್ಕ ಹೋತು, ನಕ್ಷಾ ಮಾತ್ರ ತೆರೀವಲ್ದವಾ.” ಚಿತ್ರವಾಗಿ ಕಳಿಸಿದೆ, ಆಗಲೂ ಅವರಿಗೆ ಚೌಕುಳಿ ಸ್ಪಷ್ಟ ಕಾಣಲಿಲ್ಲ. 120 ರೂಪಾಯಿ ಹಿಂದಕ್ಕೆ ಹಾಕಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು: “ರೊಕ್ಕ ಬಂತವಾ. ಈಗ ಅದನ್ನ ದೊಡ್ಡ ಹಾಳಿ ಮ್ಯಾಲೆ ಪ್ರಿಂಟ್ ತಗಸಿ ಪೋಸ್ಟಿಗೆ ಹಾಕ್ತಿಯೇನು? ಎಷ್ಟಾಗ್ತದ ಹೇಳು.” ಈಗ ಅಂಥವರಿಗಾಗಿಯೇ ದೊಡ್ಡ ಹಾಳೆಯ ನಕ್ಷೆಯನ್ನೂ ಪಟ್ಟಿಗೆ ಸೇರಿಸಿದ್ದೇನೆ.