ತೂಕದ ಲೆಕ್ಕ, ಭಾಗ 3: ಮಿಕ್ಸಿ, ಕೊಬ್ಬರಿ, ತುರೇಮಣೆ

ಫೋಟೋದಲ್ಲಿರೋದು ಕೊಬ್ಬರಿ ತೂಗೋ ತಕ್ಕಡಿ. ನೇತಾಡ್ತಿರೋದು ಅಕ್ಕನ ಸೂಟ್‌ಕೇಸ್ 🙂

ಅಕ್ಕ ಡಾಲಸ್‌ಗೆ ಹೊರಡೋಕೆ ಇನ್ನು ಒಂಬತ್ತೇ ದಿನ. 23 ಕೆಜಿಯ ಎರಡು ಸೂಟ್‌ಕೇಸ್. ಅಷ್ಟರೊಳಗೆ ದಬ್ಬೇಘಟ್ಟದ ಇಡೀ ಅಡುಗೆಮನೆ ಹಿಡಿಸಬೇಕು ಅನ್ನೋದು ಅಮ್ಮನ ಲೆಕ್ಕ.

ಮೊದಲ ಜಗಳ ಮಿಕ್ಸಿದು. ಮದುವೇಲಿ ಬಂದ 750 ವ್ಯಾಟಿಂದು, ಡಬ್ಬಾನೂ ಬಿಚ್ಚಿಲ್ಲ. ನಮ್ಮಲ್ಲಿ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಲ್ಲಿ 120 ವೋಲ್ಟ್, 60 ಹರ್ಟ್ಜ್. "ಅಡಾಪ್ಟರ್ ಹಾಕಿದ್ರಾಯ್ತಪ್ಪ" ಅಂದ್ರು ಅಪ್ಪ. ಅದು ಪಿನ್ ಬದಲಾಯಿಸುತ್ತೆ, ವೋಲ್ಟೇಜ್ ಅಲ್ಲ. ಟ್ರಾನ್ಸ್‌ಫಾರ್ಮರ್ ಹೊತ್ಕೊಂಡು ಹೋದ್ರೆ ಅದೇ ಮಿಕ್ಸಿಯಷ್ಟು ಭಾರ. "ಬೇಸಿಗೇಲಿ ತೋಟದ ಮೋಟಾರಿಗೆ ಲೋ ವೋಲ್ಟೇಜ್ ಬಂದ್ರೆ ಏನಾಗುತ್ತೆ?" ಅಂದೆ. ಎರಡು ಸಲ ವೈಂಡಿಂಗ್ ಮಾಡಿಸಿದ ಮನುಷ್ಯ, ತಕ್ಷಣ ಸುಮ್ಮನಾದ್ರು.

ಇಸ್ತ್ರಿ ಪೆಟ್ಟಿಗೆನೂ ಬೇಡ. ಅರ್ಧ ವೋಲ್ಟೇಜಿಗೆ ಬರೋದು ಅರ್ಧ ಬಿಸಿ ಅಲ್ಲ, ಕಾಲು ಭಾಗ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಅಂತ ಬರೆದಿದೆ, ಅದಕ್ಕೆ ಪಿನ್ ಸಾಕು. ಅಮೆರಿಕಕ್ಕೇ ಅಂತ ಪ್ರೀತಿ ಕಂಪನಿಯವರು 110 ವೋಲ್ಟಿನ ಮಿಕ್ಸಿ ಮಾಡ್ತಾರೆ, ಅಕ್ಕ ಅಲ್ಲೇ ತಗೊಳ್ತಾಳೆ. ಕುಕ್ಕರ್‌ಗೆ ಕರೆಂಟಿನ ಹಂಗಿಲ್ಲ. ಒಳಗೆ ಸಾಂಬಾರ್ ಪುಡಿ ತುಂಬ್ಕೊಂಡು ಹೋಗುತ್ತೆ.

ಅಜ್ಜಿ ಅಟ್ಟದಿಂದ ಹನ್ನೆರಡು ಕೊಬ್ಬರಿ ಗಿಟುಕು ಆರಿಸಿಟ್ಟಿದ್ರು. ವಿಮಾನದ ಲಗೇಜಲ್ಲಿ ಕೊಬ್ಬರಿಗೆ ನಿಷೇಧ! ಎಣ್ಣೆ ಅಂಶ ಜಾಸ್ತಿ ಇರೋದ್ರಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳೋ ವಸ್ತುಗಳ ವರ್ಗಕ್ಕೆ ಸೇರಿಸಿದ್ದಾರೆ. ನಂಬರ್ ಬೇರೆ ಇದೆ, ಯುಎನ್ 1363. ಅಜ್ಜಿ ನನ್ನನ್ನೇ ದಬಾಯಿಸಿದ್ರು: "ಹನ್ನೊಂದು ತಿಂಗ್ಳು ನಮ್ ತಲೆ ಮೇಲೇ ಇತ್ತಲ್ಲೋ. ಕೆಳಗೆ ದಿನಾ ಒಲೆ ಉರೀತಿತ್ತು. ಒಂದಿನಾನಾದ್ರೂ ಹೊತ್ಕೊಂತಾ?" ತಿಪಟೂರು ಸೀಮೆಯವನಾಗಿ ನಾನೇನು ಹೇಳ್ಲಿ.

ಕೊನೆಗೆ ಉಳಿದಿದ್ದು ಅಜ್ಜಿಯ ತುರೇಮಣೆ. ಎರಡು ಕೆಜಿ ಚಿಲ್ಲರೆ. ಕೂತು ಕೂತು ಮಣೆ ನಡುವೆ ತಗ್ಗು ಬಿದ್ದಿದೆ. "ಅಲ್ಲಿ ಫ್ರೋಜನ್ ತುರಿ ಸಿಗುತ್ತೆ ಕಣೆ, ಸುಮ್ನೆ ತೂಕ" ಅಂದೆ. ಬಿಕಾಂ ಬುದ್ಧಿ. ಅಕ್ಕ ಮಾತಾಡ್ಲಿಲ್ಲ. ಮೂರು ರೇಷ್ಮೆ ಸೀರೆ ತೆಗೆದು ಮಂಚದ ಮೇಲಿಟ್ಟು, ಆ ಜಾಗಕ್ಕೆ ತುರೇಮಣೆ ಹಾಕಿ, ಹಲ್ಲಿಗೆ ಹಳೇ ಟವೆಲ್ ಸುತ್ತಿದಳು. ತಕ್ಕಡಿ ಮುಳ್ಳು 23ರ ಹತ್ರ ಬಂದು ನಿಂತ್ಕೊಂತು.

ಇವತ್ತು ಬೆಳಿಗ್ಗೆ ಅಮ್ಮ ಚಟ್ನಿಗೆ ಕಾಯಿ ಒಡೆದು ಒಂದು ಕ್ಷಣ ಗೋಡೆ ಮೂಲೆ ನೋಡಿದ್ರು. ಆಮೇಲೆ ಚಾಕು ತಗೊಂಡು ಹೆಚ್ಚೋಕೆ ಕೂತ್ರು.

ಭಾಗ 4, ಉಪ್ಪಿನಕಾಯಿ ಪ್ಯಾಕಿಂಗ್, ಶನಿವಾರ.

#ದಬ್ಬೇಘಟ್ಟ #ತುರುವೇಕೆರೆ #ತೂಕದಲೆಕ್ಕ