ಬೊಂಬೆಗಳ ಸಾಲಿನಲ್ಲಿ ಒಂದು ರೈಲು ನಿಲ್ದಾಣ

ಬೆಂಗಳೂರಿನ ಅವೆನ್ಯೂ ರಸ್ತೆಯ ನೂಕುನುಗ್ಗಲಿನಿಂದ ಪಾರಾದೆವೆಂದು ಪೂರ್ವಕ್ಕೆ ತಿರುಗಿದವರಿಗೆ ನಗರ್ತಪೇಟೆಯಲ್ಲಿ ಎದುರಾಗುವುದು ಮತ್ತೊಂದು ನೂಕುನುಗ್ಗಲು. ಕೈಗಾಡಿ, ತಲೆಹೊರೆ, ಬಟ್ಟೆಯ ಮೂಟೆ, ಇವುಗಳ ನಡುವೆ ದಾರಿ ಕೇಳುವ ದ್ವಿಚಕ್ರ ವಾಹನಗಳು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನ ಪೇಟೆಗಳಲ್ಲಿ ಇದೂ ಒಂದು. ನಗರ್ತರೆಂಬ ವರ್ತಕ ಸಮುದಾಯದವರು ನೆಲೆಸಿ ವ್ಯಾಪಾರ ನಡೆಸಿದ್ದರಿಂದ ಈ ಹೆಸರು. ಕಾಳಿಕಾಂಬಾ ಕಮಠೇಶ್ವರ ದೇವಾಲಯ ಇಲ್ಲಿಯೇ ಉಂಟು. ಕರಗದ ರಾತ್ರಿ ಊರಿಗೆ ಊರೇ ನೆರೆಯುವ ಧರ್ಮರಾಯನ ಗುಡಿಯೂ ಕೂಗಳತೆಯ ದೂರದಲ್ಲಿದೆ.

ಜಗಲಿ, ಕಂಬ, ತೊಟ್ಟಿಗಳಿದ್ದ ಮನೆಗಳು ಇಲ್ಲಿ ಒಂದೊಂದಾಗಿ ಅಳಿದು, ಅವುಗಳ ಜಾಗದಲ್ಲಿ ಮಳಿಗೆಗಳೂ ಉಗ್ರಾಣಗಳೂ ಎದ್ದಿವೆ. ಆದರೆ ನವರಾತ್ರಿ ಬಂತೆಂದರೆ, ಅಂಗಡಿಯ ಮೇಲಿನ ಅಟ್ಟದಂಥ ಮನೆಗಳಲ್ಲಿಯೂ ಹಲಗೆಯ ಮೆಟ್ಟಿಲುಗಳು ಏಳುತ್ತವೆ. ಅವುಗಳ ಮೇಲೆ ಬಿಳಿಯ ಪಂಚೆ ಹಾಸಿ, ಪಟ್ಟದ ಬೊಂಬೆಗಳನ್ನು ಕೂರಿಸಿ, ಕೆಳಗೆ ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಸಾಲಿಡುತ್ತಾರೆ. ಎಲ್ಲಕ್ಕೂ ಕೆಳಗೆ, ನೆಲದ ಮೇಲೆ, ಮಕ್ಕಳ ರಾಜ್ಯ: ತಟ್ಟೆಯಲ್ಲಿ ಮೊಳಕೆಯೊಡೆದ ರಾಗಿಯ ಹೊಲ, ಕನ್ನಡಿಯ ಕೆರೆ, ಮಣ್ಣಿನ ಬೆಟ್ಟ. ಅಂಥದೊಂದು ಮನೆಯಲ್ಲಿ ಈ ರಾಗಿಯ ಹೊಲವನ್ನು ಸೀಳಿಕೊಂಡು ರೈಲುಹಳಿ ಹಾಯುತ್ತದೆ. ಹಳಿಯ ಪಕ್ಕದಲ್ಲಿ ಅಂಗೈಗಿಂತ ಸ್ವಲ್ಪ ಉದ್ದವಾದ ಹೆಂಚಿನ ಮಾಡಿನ ನಿಲ್ದಾಣ. ಹಲಗೆಯ ಮೇಲೆ ಬರೆದ ಹೆಸರು: ನಂದಿ.

ನಂದಿ ನಿಲ್ದಾಣ ಬೆಂಗಳೂರು–ಚಿಕ್ಕಬಳ್ಳಾಪುರ ದಾರಿಯಲ್ಲಿದೆ. 1915ರ ಸುಮಾರಿಗೆ ಆ ದಾರಿಯಲ್ಲಿ ಓಡಲಾರಂಭಿಸಿದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ಈಗ ಅಲ್ಲಿರುವುದು ಅಗಲ ಹಳಿ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗವೂ 2013ರಲ್ಲಿ ಅಗಲ ಹಳಿಯಾಗಿ ತೆರೆಯಿತು. ಪುಟ್ಟ ರೈಲು ಹೋಯಿತು. ಅದಕ್ಕಾಗಿ ಕಟ್ಟಿದ ಹಳೆಯ ನಿಲ್ದಾಣಗಳಲ್ಲಿ ಕೆಲವು ಉಳಿದಿವೆ.

ಈ ಮನೆಯ ಹಿರಿಯ ಮಗ ನಿಲ್ದಾಣವನ್ನು ಕಣ್ಣಳತೆಗೆ ಮಾಡಿದುದಲ್ಲ. ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು ಎಂಬುದು, ಜಗತ್ತಿನಾದ್ಯಂತ ಮಾದರಿ ರೈಲಿನ ಹವ್ಯಾಸಿಗಳು ಬಳಸುವ ಅಳತೆ. ಅದರಂತೆ ಐದೂವರೆ ಅಡಿಯ ಮನುಷ್ಯ 19 ಮಿಲಿಮೀಟರ್ ಆಗುತ್ತಾನೆ; 40 ಅಡಿಯ ಗೋಡೆ 14 ಸೆಂಟಿಮೀಟರ್. ಎರಡೂವರೆ ಅಡಿಯ ಹಳಿ 9 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಇನ್ನೂ ಚಿಕ್ಕ ಅಳತೆಯ ಮಾದರಿಗಳಿಗೆಂದು ಸಿದ್ಧವಾಗಿ ದೊರೆಯುವ ಹಳಿಯ ಅಗಲ ಸರಿಯಾಗಿ 9 ಮಿಲಿಮೀಟರ್ ಇರುವುದರಿಂದ, ಪುಟ್ಟ ರೈಲಿಗೆ ಅದೇ ಹೊಂದಿಕೊಂಡಿತು. ಪಟ್ಟದ ರಾಜನ ಪಾದದೆತ್ತರಕ್ಕೆ ನಿಲ್ಲುವ ಈ ಸ್ಟೇಷನ್ ಮಾಸ್ತರನನ್ನು ಕಂಡು ಮಕ್ಕಳು ನಗುತ್ತಾರೆ. ನಗಲಿ, ರೈಲಿನ ಬಾಗಿಲಿಗೆ ಅವನ ಎತ್ತರ ಸರಿಯಾಗಿದೆ.

ಸಾಮಗ್ರಿಗಾಗಿ ದೂರ ಅಲೆಯಬೇಕಾಗಲಿಲ್ಲ. ಗೋಡೆಗೆ ಚಿಕ್ಕಪೇಟೆಯ ಲಗ್ನಪತ್ರಿಕೆಯ ದಪ್ಪ ಕಾಗದ, ಕಿಟಕಿಯ ಗಾಜಿಗೆ ಅಂಗಿಯ ಪೆಟ್ಟಿಗೆಯ ಪಾರದರ್ಶಕ ಹಾಳೆ, ತೊಲೆ ಜಂತೆಗಳಿಗೆ ಕಸಪೊರಕೆಯ ಕಡ್ಡಿ. ದೀಪ, ತಂತಿಗಳಿಗೆ ಪಕ್ಕದಲ್ಲಿಯೇ ಸಾದರ ಪತ್ರಪ್ಪ ರಸ್ತೆಯ ಅಂಗಡಿಸಾಲು. ಚಿನಿವಾರರ ಚಿಮಟ, ಸಣ್ಣ ಅರ ಪೇಟೆಯಲ್ಲಿ ಬೇಕಾದಷ್ಟು.

ಗೋಡೆ ನಿಲ್ಲಿಸುವುದು ಒಂದು ಸಂಜೆಯ ಕೆಲಸ. ಅದಕ್ಕೆ ಜೀವ ತುಂಬುವುದು ಹಲವು ವಾರಗಳ ಕೆಲಸ. ಮೊದಲು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡಿನಲ್ಲೆಲ್ಲ ಹಬ್ಬಿದ ಮಂಗಳೂರು ಹೆಂಚು ಸುಮಾರು 16 ಅಂಗುಲ ಉದ್ದ. ಮಾದರಿಯಲ್ಲಿ 5 ಮಿಲಿಮೀಟರಿಗೂ ಕಡಿಮೆ. ಸಣ್ಣ ಏಣುಗಳಿರುವ ಕಾಗದವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಸೂರಿನಿಂದ ಆರಂಭಿಸಿ ಒಂದರ ಮೇಲೊಂದು ತುಸು ಚಾಚುವಂತೆ ಅಂಟಿಸುತ್ತ ಮೇಲೇರಬೇಕು. ಮೇಲಿನಿಂದ ಕೆಳಕ್ಕೆ ಬಂದರೆ ಮಳೆನೀರು ಒಳಗೆ ಇಳಿಯುವ ಮಾಡಾದೀತು! ಬಣ್ಣವೂ ಒಂದೇ ಕೆಂಪಾಗಬಾರದು. ಹಳೆಯ ಹೆಂಚು ಕಪ್ಪು, ನಡುವೆ ಬದಲಿಸಿದ ನಾಲ್ಕಾರು ಹೆಂಚು ಎಳೆಗೆಂಪು, ನೆರಳಿನ ಬದಿಗೆ ಪಾಚಿ.

ಆಮೇಲೆ ಗೋಡೆ. ಸುಣ್ಣದ ಬಿಳುಪನ್ನು ಹಾಗೆಯೇ ಬಿಟ್ಟರೆ ಅದು ಮಿಠಾಯಿ ಡಬ್ಬಿಯಂತೆ ಕಾಣುತ್ತದೆ. ನೀರಾಗಿ ಕದಡಿದ ಕಪ್ಪು ಬಣ್ಣವನ್ನು ಹಚ್ಚಿ ಕೂಡಲೇ ಒರೆಸಿದರೆ, ಸಂದುಗಳಲ್ಲಿ ಮಾತ್ರ ಕಪ್ಪು ನಿಂತು ಕಲ್ಲಿನ ಗೆರೆಗಳು ಮೂಡುತ್ತವೆ. ಬುಡದ ಒಂದು ಗೇಣಿಗೆ, ಎಂದರೆ ಮಾದರಿಯ ಎರಡೂವರೆ ಮಿಲಿಮೀಟರಿಗೆ, ಮಳೆ ಎರಚಿದ ಕೆಮ್ಮಣ್ಣು. ಟಿಕೆಟ್ಟಿನ ಕಿಂಡಿಯ ಕೆಳಗೆ ಕೈಗಳು ಸವೆಸಿದ ನುಣುಪು. ಸೂರಿನಂಚಿಗೆ ಹಬೆಯಂತ್ರದ ಮಸಿ. ಕಟ್ಟಡವನ್ನು ಕಟ್ಟಿದವರು ಮಾತ್ರವಲ್ಲದೆ ಬಳಸಿದವರೂ ಅದರ ಮೇಲೆ ಕಾಣಬೇಕು. ಈ ವಿದ್ಯೆಯ ಗುಟ್ಟೆಲ್ಲ ಅಷ್ಟೇ.

ಒಳಗೆ ದೀಪ ಹೊತ್ತಿಸಿದ ದಿನ ಒಂದು ಪೇಚು. ಕಾಗದದ ಗೋಡೆಯೇ ಆಕಾಶಬುಟ್ಟಿಯಂತೆ ಬೆಳಗಿಬಿಟ್ಟಿತು! ಮಾಡನ್ನು ಕಿತ್ತು, ಒಳಗೋಡೆಗೆಲ್ಲ ಕಪ್ಪು ಕಾಗದ ಅಂಟಿಸಿ, ಮೂಲೆಯ ಬಿರುಕುಗಳನ್ನು ಮುಚ್ಚಬೇಕಾಯಿತು. ಆಗ ಬೆಳಕು ಕಿಟಕಿಯಿಂದ ಮಾತ್ರ, ಲಾಂದ್ರದ ಹಳದಿಯಾಗಿ, ವೇದಿಕೆಯ ಮೇಲೆ ಬಿತ್ತು.

ಹಬ್ಬದ ಮುನ್ನಾದಿನ ತಾಯಿಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದ. ಆಕೆಯ ತವರು ನಂದಿಯ ಬಳಿಯ ಹಳ್ಳಿ. ಮದುವೆಯಾದ ಹೊಸದರಲ್ಲಿ ಪುಟ್ಟ ರೈಲಿನಲ್ಲಿ ಹೋಗಿ ಬಂದವರು. ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

“ಎಲ್ಲಾ ಸರಿಯಾಗಿದೆ ಕಣಪ್ಪಾ. ಆದರೆ ಇದು ಈಗಿನ ಸ್ಟೇಷನ್ನು.”

“ಹೆಂಚು, ಕಿಟಕಿ, ಎಲ್ಲಾ ಹಳೇದೇ ಅಲ್ವೇನಮ್ಮಾ?”

“ಹಳೇದೇ. ಆದರೆ ಕಾಯ್ತಾ ಇರೋರು ಯಾರೂ ಇಲ್ಲವಲ್ಲೋ. ನಿಮ್ಮ ತಾತ ಗಾಡಿ ಕಟ್ಟಿಕೊಂಡು ಬಂದು ಮರದ ಕೆಳಗೆ ನಿಂತಿರೋರು. ರೈಲು ಎಷ್ಟು ಹೊತ್ತಾದರೂ ಸರಿ, ನಿಂತೇ ಇರೋರು.”

ಆತನ ಬಳಿ ಇದ್ದದ್ದು ಈಚಿನ ಚಿತ್ರಗಳು. ಅವುಗಳಲ್ಲಿ ಗಾಡಿಯಾಗಲಿ ತಾತನಾಗಲಿ ಇರಲಿಲ್ಲ. ಅಂದು ರಾತ್ರಿ ಬೆಂಕಿಕಡ್ಡಿಗಳನ್ನು ಸೀಳಿ ಎತ್ತಿನ ಗಾಡಿ ಮಾಡಿದ; ಮೇಣದಲ್ಲಿ ಎತ್ತುಗಳನ್ನೂ 19 ಮಿಲಿಮೀಟರಿನ ಮುದುಕನೊಬ್ಬನನ್ನೂ ತಿದ್ದಿದ. ಬೆಳಗ್ಗೆ ತಾಯಿ ಬಗ್ಗಿ ನೋಡಿದರು. “ರುಮಾಲಿಗೆ ಕೆಂಪು ಅಂಚಿತ್ತು” ಎಂದರು. ಕುಂಚದ ಒಂದೇ ಕೂದಲಿನಿಂದ ಕೆಂಪು ಅಂಚೂ ಬಂತು. ಆಕೆ ಮತ್ತೇನೂ ಹೇಳಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಸಂಜೆಯಾಗುತ್ತಲೇ ಓಣಿಯ ಮಕ್ಕಳು ಮೆಟ್ಟಿಲು ಹತ್ತಿ ಬರುತ್ತಾರೆ. “ಬೊಂಬೆ ಕೂರ್ಸಿದೀರಾ?” ಎಂಬ ಕೂಗು ಬಾಗಿಲಲ್ಲಿ ಕೇಳುತ್ತದೆ. ಚಕ್ಕುಲಿ, ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದ ಅಜ್ಜಿ, ಬೊಂಬೆ ಬಾಗಿನ ಕೊಡುವ ಮುಂಚೆ ಅವರನ್ನು ಮೊದಲು ಕರೆದೊಯ್ಯುವುದು ಪಟ್ಟದ ರಾಜರಾಣಿಯರ ಬಳಿಗಲ್ಲ. ಮಕ್ಕಳ ಕಣ್ಣು ಓಡುವ ರೈಲಿನ ಮೇಲೆ. ಅಜ್ಜಿಯ ಬೆರಳು ಮರದಡಿಯ ಗಾಡಿಯ ಕಡೆಗೆ.

“ಅಗೋ, ಅವರು ನಮ್ಮ ಅಪ್ಪ” ಎನ್ನುತ್ತಾರೆ. “ನನ್ನನ್ನ ಕರಕೊಂಡು ಹೋಗೋಕೆ ಬಂದಿದಾರೆ.”